ಮಾಳಿಗೆಯ ಮಣ್ಣು

ನಮ್ಮ ಹರಿಯಬ್ಬೆ ಹಿರಿಯೂರು ತಾಲ್ಲೂಕಿನ ಬಯಲುಸೀಮೆಯ ಊರು. ಮಳೆಯನ್ನು ಕಾದು ಕುಳಿತವರಿಗೆ ಮಾಳಿಗೆ ಸೋರುವ ಚಿಂತೆ ಎಲ್ಲಿಯದು? 2022ರಲ್ಲಿ ವಾಣಿವಿಲಾಸ ಸಾಗರವು 89 ವರ್ಷಗಳ ಬಳಿಕ ಕೋಡಿ ಬಿದ್ದಿತು. ಊರೆಲ್ಲ ಹಿಗ್ಗಿದ ಆ ಮಳೆಯಲ್ಲಿಯೇ ನಮ್ಮ ಪೂಜೆಯ ಕೋಣೆಯ ಜಂತೆಗಳು ನೆನೆದು ಬಾಗಿದವು.

ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿರೆಂದು ಬಂಧುಗಳು ಹೇಳಿದರು. ನಮ್ಮಲ್ಲಿ ಅಷ್ಟು ಹಣವಿರಲಿಲ್ಲ. ಉಡುಪಿಯಲ್ಲಿ ನೆಲೆಸಿರುವ ಮಗಳು ಕೇಳಿದಳು: “ಅಪ್ಪಾಜಿ, ಕರಾವಳಿಯಲ್ಲಿ ವರ್ಷವೂ ಮಳೆಗೆ ಮುಂಚೆ ಹೆಂಚು ಕೈಯಾಡಿಸುತ್ತಾರೆ. ನೀವು ಮಾಳಿಗೆ ಹತ್ತಿ ಎಷ್ಟು ವರ್ಷವಾಯಿತು?”

ನಾವು ನಿರುತ್ತರರಾದೆವು. ತಂದೆಯವರು ಪ್ರತಿ ಬೇಸಿಗೆಯಲ್ಲಿಯೂ ಮಾಳಿಗೆಗೆ ಚೌಳುಮಣ್ಣು ಹಾಕುತ್ತಿದ್ದರು. ಅವರು ಲಿಂಗೈಕ್ಯರಾದ ಮೇಲೆ ನಾವು ಅದನ್ನು ಮರೆತಿದ್ದೆವು.

ಸಕ್ಕರೆ ಕಾಯಿಲೆಯ ನಮಗೆ ವೈದ್ಯರು ವ್ಯಾಯಾಮ ಮಾಡಲು ಹೇಳಿ ಬಹಳ ದಿನಗಳಾಗಿದ್ದವು. ಮೂಲೆ ಸೇರಿದ್ದ ತಂದೆಯವರ ಸೈಕಲ್ಲಿಗೆ ಹೊಸ ಟೈರು, ಟ್ಯೂಬು ಹಾಕಿಸಿದೆವು. ಮರುಬೇಸಿಗೆಯಲ್ಲಿ ದಿನವೂ ಬೆಳಿಗ್ಗೆ ಒಂದು ಚೀಲ ಚೌಳುಮಣ್ಣು ಕ್ಯಾರಿಯರಿನಲ್ಲಿ ಬಂದಿತು. ಏರಿನಲ್ಲಿ ಇಳಿದು ತಳ್ಳಿದ್ದೂ ಉಂಟು. ಈ ಮಣ್ಣು ನೆನೆದೊಡನೆ ಅದರ ನುಣುಪು ಕಣಗಳು ಸಂದುಗಳನ್ನು ಮುಚ್ಚುವುದರಿಂದ ನೀರು ಕೆಳಗಿಳಿಯದು. ಬೆಳೆಗೆ ಕೇಡಾದ ಗುಣವೇ ಮನೆಗೆ ರಕ್ಷೆ! ಬಾಗಿದ ಜಂತೆಗಳನ್ನು ಬಡಗಿಯವರು ಬದಲಿಸಿದರು. ನೆರೆಯ ಹಿರಿಯರೊಬ್ಬರು ದೋಣಿಯ ಕಡೆಗೆ ಇಳಿಜಾರು ಕೊಟ್ಟು ಧಮ್ಮಸ್ಸು ಮಾಡುವ ಕ್ರಮವನ್ನು ಕಲಿಸಿದರು.

ಮುಂದಿನ ಮಳೆಗೆ ಪೂಜೆಯ ಕೋಣೆ ಒಣಗಿಯೇ ಇದ್ದಿತು. ಸಕ್ಕರೆಯೂ ತುಸು ಹತೋಟಿಗೆ ಬಂದಿತು. ಮನೆಯಾಗಲಿ, ಮೈಯಾಗಲಿ, ಸೋರುವ ಮೊದಲೇ ಕೈಯಾಡಿಸಬೇಕು. ತಂದೆಯವರು ಇದನ್ನು ಬಾಯಲ್ಲಿ ಹೇಳಲಿಲ್ಲ. ವರ್ಷವೂ ಮಾಡಿ ತೋರಿಸಿದ್ದರು.