ಗಟ್ಟಿ ಕಂಬವೋ, ಕುಗ್ಗುವ ಕಂಬವೋ

ಮೊರಪ್ಪೂರಿನ ರೈಲು ನಿಲ್ದಾಣಕ್ಕೆ ಅನತಿ ದೂರದ ಒಂದು ಹಿತ್ತಿಲ ಶೆಡ್ಡಿನಲ್ಲಿ ತಂದೆ–ಮಗಳಿಬ್ಬರು ಪುಟ್ಟ ಕಾರೊಂದನ್ನು ಕಟ್ಟುತ್ತಿದ್ದಾರೆ. ತಂದೆ ಲೇತ್ ಕೆಲಸದಲ್ಲಿ ಪಳಗಿದವರು. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ, ಫೈಬರ್ ಮೈಯ ಸಿಪಾನಿ ಡಾಲ್ಫಿನ್ ಕಾರನ್ನು ಯೌವನದಲ್ಲಿ ಕಂಡಂದಿನಿಂದ ಅವರಿಗೆ ಈ ಹುಚ್ಚು. ಮಗಳು ಹೊಸೂರಿನ ಕಡೆಯ ನೆಂಟರ ಮನೆಯಲ್ಲಿದ್ದು ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪಾಲಿಟೆಕ್ನಿಕ್ ಸೇರಿದ್ದಾಳೆ. ಚೌಕಟ್ಟು, ಎಂಜಿನ್, ಬ್ರೇಕುಗಳ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಬರಲಿಲ್ಲ. ಬಂದದ್ದು ಚುಕ್ಕಾಣಿ ಕಂಬದಲ್ಲಿ.

ಸೇಲಂನ ಗುಜರಿಯಲ್ಲಿ ಹಳೆಯ ಜೀಪೊಂದರ ಉದ್ದನೆಯ ಉಕ್ಕಿನ ದಂಡ ಅಗ್ಗಕ್ಕೆ ಸಿಕ್ಕಿತ್ತು. ಎಳ್ಳಷ್ಟೂ ಬಾಗದ ದಂಡ. ತಂದೆ ಅದನ್ನು ಮೆಚ್ಚಿಕೊಂಡರು. ಉಕ್ಕಿನೊಡನೆ ಬಾಳಿದವರು ಗಟ್ಟಿತನವನ್ನು ಮೆಚ್ಚುವುದು ಸಹಜ. ಆದರೆ ಆ ಚಕ್ರದ ಹಿಂದೆ ಕುಳಿತುಕೊಳ್ಳುವವಳು ಮಗಳು.

ಮುಂಭಾಗ ನಜ್ಜುಗುಜ್ಜಾದಾಗ ಇಂಥ ದಂಡ ಹಿಂದಕ್ಕೆ ತಳ್ಳಲ್ಪಟ್ಟು ಈಟಿಯಂತೆ ಚಾಲಕನ ಎದೆಗೆ ಬರುತ್ತದೆ. ಮೋಟಾರು ಯುಗದ ಮೊದಲ ದಶಕಗಳಲ್ಲಿ ಹಾಗೆ ಸತ್ತವರು ಅನೇಕರು. ಮರ್ಸಿಡಿಸ್-ಬೆಂಜ್‌ನ ಎಂಜಿನಿಯರ್ ಬೆಲಾ ಬರೇನಿ ಸುರಕ್ಷಿತ ಕಂಬದ ವಿನ್ಯಾಸಕ್ಕೆ ದಾರಿ ತೋರಿದರು. ಅಮೆರಿಕದ ಜನರಲ್ ಮೋಟಾರ್ಸ್ 1967ರ ಮಾದರಿಗಳಲ್ಲಿ ಹೊಡೆತವನ್ನು ಹೀರಿಕೊಳ್ಳುವ ಕಂಬವನ್ನು ಅಳವಡಿಸಿತು. 1968ರಿಂದ ಅಲ್ಲಿ ಕಾನೂನೇ ಬಂತು: ಗಂಟೆಗೆ 48 ಕಿ.ಮೀ. ವೇಗದ ಡಿಕ್ಕಿಯಲ್ಲಿ ಕಂಬ 127 ಮಿ.ಮೀ.ಗಿಂತ ಹೆಚ್ಚು ಹಿಂದೆ ಸರಿಯಬಾರದು. ಆ ವೇಗವೆಂದರೆ ಎಷ್ಟು? ಮಗಳು ಚಲನಶಕ್ತಿಯ ಪಾಠವನ್ನು ನೆನೆದು ಲೆಕ್ಕ ಹಾಕಿದಳು: ಸುಮಾರು 9 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮನೆಯ ಮೇಲಿಂದ, ಬಿದ್ದಷ್ಟು. ತಂದೆ ಮಾತನಾಡದೆ ದಂಡವನ್ನು ಗೋಡೆಗೆ ಒರಗಿಸಿದರು.

ಕುಗ್ಗುವ ಕಂಬದಲ್ಲಿ ಒಂದು ಕೊಳವೆ ಇನ್ನೊಂದರೊಳಗೆ ಜಾರುವಂತಿರುತ್ತದೆ. ನಡುವಿನ ಪ್ಲಾಸ್ಟಿಕ್ ಮೊಳೆಗಳು ಹೊಡೆತಕ್ಕೆ ಮುರಿದು ದಾರಿ ಬಿಡುತ್ತವೆ. ಕೆಳಗಿನ ದಂಡವನ್ನು ಎರಡು ಯೂನಿವರ್ಸಲ್ ಜಾಯಿಂಟುಗಳಿಂದ ಓರೆಯಾಗಿ ಜೋಡಿಸಿದರೆ ಅದು ನೇರವಾಗಿ ತಿವಿಯದೆ ಮಡಚಿಕೊಳ್ಳುತ್ತದೆ. ಗುಜರಿಯಲ್ಲಿ ಕೊಳ್ಳುವವರಿಗೆ ಮೋಸವಿರುವುದು ಇಲ್ಲಿಯೇ: ಅಪಘಾತದಲ್ಲಿ ಒಮ್ಮೆ ಕುಗ್ಗಿದ ಕಂಬವನ್ನು ಎಳೆದು ನೆಟ್ಟಗೆ ಮಾಡಿಟ್ಟರೆ ಹೊರಗಿನಿಂದ ಏನೂ ತಿಳಿಯದು. ಅದೇ ಮಾದರಿಯ ಹೊಸ ಕಂಬದೊಡನೆ ಉದ್ದವನ್ನು ತಾಳೆ ನೋಡಬೇಕು, ಮೊಳೆಗಳನ್ನು ಪರೀಕ್ಷಿಸಬೇಕು. ಡಿಕ್ಕಿಯಲ್ಲಿ ಕಳಚಿಕೊಳ್ಳುವಂತೆ ರೂಪಿಸಿದ ಹಿಡಿಕೆಗಳನ್ನೂ ಕಂಬದ ಜೊತೆಗೇ ಕೊಳ್ಳಬೇಕು. ಅಳತೆಗೆಂದು ಕತ್ತರಿಸಿ ಬೆಸುಗೆ ಹಾಕುವುದಂತೂ ಕೂಡದು. ಕಾದ ಉಕ್ಕು ತನ್ನ ಮೊದಲ ಬಲವನ್ನು ಉಳಿಸಿಕೊಳ್ಳುವುದೆಂಬ ಭರವಸೆಯಿಲ್ಲ. ಕಂಬಕ್ಕೆ ತಕ್ಕಂತೆ ಆಸನವನ್ನು ಸರಿಸುವುದೇ ಜಾಣತನ.

ಇನ್ನು ಕಾನೂನು. ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದಂತೆ ಚುಕ್ಕಾಣಿಯ ಸಡಿಲಾಟ ಚಕ್ರದಲ್ಲಿ 30 ಡಿಗ್ರಿ ಮೀರಬಾರದು. ಕಂಬ ಎಷ್ಟೇ ಉತ್ತಮವಾಗಿದ್ದರೂ ಅದೊಂದರಿಂದ ಕಾರಿಗೆ ರಸ್ತೆಯ ಹಕ್ಕು ದೊರೆಯದು. 126ನೆಯ ನಿಯಮದ ಪ್ರಕಾರ ಮಾದರಿ ವಾಹನ ಇಡಿಯಾಗಿ ಮಾನ್ಯ ಸಂಸ್ಥೆಯಲ್ಲಿ ಪರೀಕ್ಷೆಗೆ ಒಳಪಡಬೇಕು. ಹಳೆಯ ಕಾರೊಂದರ ನೋಂದಣಿಯಡಿ ಹೊಸ ಮೈಯನ್ನು ನುಸುಳಿಸೋಣವೆಂದರೆ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿಯೇ ಹೇಳಿದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷಿಸಿ ಒಪ್ಪುವ ಕ್ರಮವಿದೆ. ಇಲ್ಲಿಯ ಹವ್ಯಾಸಿಗೂ ಅಂಥದೊಂದು ಬಾಗಿಲು ಬೇಕು. ಕೊಯಮತ್ತೂರಿನ ಕರಿವರ್ಧನ್ ಮಾರುತಿ ಎಂಜಿನ್ನಿನಿಂದ ಕಟ್ಟಿದ ಕಾರುಗಳು ಓಡಿದ್ದು ಪಂದ್ಯದ ಹಾದಿಯಲ್ಲಿ, ಊರಿನ ರಸ್ತೆಯಲ್ಲಲ್ಲ.

ಕೊನೆಗೆ ಅವರು ಜೀಪಿನ ದಂಡಕ್ಕೆ ಕೊಟ್ಟದ್ದರ ಹಲವು ಪಟ್ಟು ಹಣ ತೆತ್ತು, ಹಿಡಿಕೆಗಳ ಸಮೇತ ಹೊಸ ಕಂಬವೊಂದನ್ನು ತಂದರು. ಆಸನ ನಾಲ್ಕು ಬೆರಳು ಹಿಂದೆ ಹೋಯಿತು. ಕಾರು ಸದ್ಯ ಸ್ವಂತ ಮಾವಿನ ತೋಪಿನೊಳಗಷ್ಟೇ, ನಡಿಗೆಗಿಂತ ತುಸು ಚುರುಕಾಗಿ ಓಡುತ್ತದೆ. ಚೆನ್ನೈ ಬಳಿಯ ಒರಗಡಂ ಪರೀಕ್ಷಾ ಕೇಂದ್ರಕ್ಕೆ ಬರೆಯಬೇಕಾದ ಪತ್ರದ ಕರಡನ್ನು ಮಗಳು ಸಿದ್ಧಪಡಿಸುತ್ತಿದ್ದಾಳೆ.