ಲೋಪಾಗಮ ವಿಚಾರ

ಸಂಪಾದಕರು ನನ್ನಿಂದ ಬೇಡಿದ್ದು ವ್ಯಾಕರಣವನ್ನು ಕುರಿತ ಲೇಖನ. ನಾನು ಬರೆಯಹೊರಟಿರುವುದು ಮಿದುಳಿನ ಗಡ್ಡೆಯನ್ನು ಕುರಿತು. ವಿದ್ವತ್ ಪರೀಕ್ಷೆಯನ್ನು ಮುಗಿಸಿದ ಕನ್ನಡ ಪಂಡಿತನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದೆಂದು ಸಹೃದಯ ವಾಚಕರು ಶಂಕಿಸಬಹುದು. ಶಂಕೆ ಯುಕ್ತವೇ. ಆದರೆ ಬರೆದಲ್ಲದೆ ತೀರದ ಋಣವೊಂದು ನನ್ನ ಮೇಲಿದೆ.

ಇಲ್ಲಿಯ ಪ್ರಸಾದನಿಲಯದಲ್ಲಿ ನನ್ನೊಡನೆ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಗೆಳೆಯನೊಬ್ಬನು ಮುಂದೆ ಇಲ್ಲಿಯೇ ಗಣಿತದ ಅಧ್ಯಾಪಕನಾದನು. 2022ರ ಮಳೆಗಾಲದಲ್ಲಿ ಆತನ ಮಾತಿನಲ್ಲಿ ಶಬ್ದಗಳು ಪಲ್ಲಟವಾಗತೊಡಗಿದವು. ಸೀಮೆಸುಣ್ಣವೆನ್ನಬೇಕಾದಲ್ಲಿ ಕೊಡೆಯೆಂದನು. ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೆದುರಿಗೆ ನಾನು, “ಅಂಕಿ ಎಣಿಸಿ ಎಣಿಸಿ ಅಕ್ಷರ ಮರೆತೆಯೇನಯ್ಯಾ?” ಎಂದು ನಕ್ಕೆನು. ಆತನೂ ನಕ್ಕನು. ಮೂರು ವಾರಗಳ ತರುವಾಯ ಅದು ಗ್ಲಿಯೊಬ್ಲಾಸ್ಟೋಮ ಎಂಬ ಗಡ್ಡೆಯೆಂದು ತಿಳಿಯಿತು. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಎಲ್ಲವೂ ನಡೆದವು. ಗಡ್ಡೆ ಮರಳಿ ಬೆಳೆಯಿತು. 2023ರ ಕಾರ್ತಿಕದಲ್ಲಿ ಆತನು ನಮ್ಮನ್ನಗಲಿದನು.

2024ರ ಅಕ್ಟೋಬರಿನಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ ಮೈಕ್ರೋ ಆರ್‌ಎನ್‌ಎಯ ಶೋಧಕ್ಕಾಗಿ ನೊಬೆಲ್ ಪಾರಿತೋಷಕ ಘೋಷಿತವಾಯಿತು. ಆ ಸುದ್ದಿಯಲ್ಲಿ ಕ್ಯಾನ್ಸರಿನ ಪ್ರಸ್ತಾಪವಿದ್ದುದರಿಂದ, ವೈದ್ಯನಾಗಿರುವ ಹಳೆಯ ಶಿಷ್ಯನೊಬ್ಬನನ್ನು ಕೇಳಿದೆನು. ಅಂದು ನಾನು ವಿದ್ಯಾರ್ಥಿ, ಆತನು ಗುರು.

ಜೀವಕೋಶದಲ್ಲಿ ಡಿಎನ್‌ಎ ಮೂಲಪ್ರತಿ. ಸಂದೇಶವಾಹಕ ಆರ್‌ಎನ್‌ಎ ಅದರ ನಕಲು. ನಕಲನ್ನು ಓದಿ ಕೋಶವು ಪ್ರೋಟೀನನ್ನು ಕಟ್ಟುತ್ತದೆ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೋ ಆರ್‌ಎನ್‌ಎ ತಾನು ಪ್ರೋಟೀನನ್ನು ಕಟ್ಟದು. ತನಗೆ ಹೊಂದುವ ನಕಲಿಗೆ ಅಂಟಿಕೊಂಡು ಅದರ ಓದನ್ನು ತಡೆಯುತ್ತದೆ, ಇಲ್ಲವೆ ನಕಲನ್ನೇ ನಾಶಗೊಳಿಸುತ್ತದೆ. 1993ರಲ್ಲಿ ಇದು ಮೊದಲು ಬೆಳಕಿಗೆ ಬಂದುದು ಒಂದು ಮಿಲಿಮೀಟರ್ ಉದ್ದದ ಹುಳುವಿನ ಅಧ್ಯಯನದಿಂದ.

ವ್ಯಾಕರಣದಲ್ಲಿ ಇದ್ದ ಅಕ್ಷರ ಬೀಳುವುದು ಲೋಪ, ಇಲ್ಲದುದು ಬಂದು ಸೇರುವುದು ಆಗಮ. ‘ಮಾಡುವೆನು’ ಎಂಬಲ್ಲಿ ಕಾಲಸೂಚಕವಾದ ವಕಾರವಿಲ್ಲದಿದ್ದರೆ ‘ಮಾಡೆನು’; ಒಪ್ಪಿಗೆಯೇ ನಿಷೇಧವಾಗುತ್ತದೆ. ಈ ರೋಗದಲ್ಲಿಯೂ ಲೋಪಾಗಮಗಳೆರಡೂ ಉಂಟು. ಆರೋಗ್ಯವುಳ್ಳ ಮಿದುಳಿನಲ್ಲಿ ಹೇರಳವಾಗಿದ್ದು ಕೋಶಗಳ ಮಿತಿಮೀರಿದ ವಿಭಜನೆಯನ್ನು ತಡೆಯುವ ಮಿರ್-124, ಮಿರ್-137 ಎಂಬವು ಗಡ್ಡೆಯಲ್ಲಿ ಕುಗ್ಗುತ್ತವೆ. ಮಿರ್-21 ಎಂಬುದು ಅತಿಯಾಗಿ ಹೆಚ್ಚುತ್ತದೆ. ಇದು 2005ರಲ್ಲಿ ಪ್ರಕಟವಾದ ಸಂಗತಿ. ಕೋಶಗಳ ನಡುವಣ ಹಂದರವನ್ನು ಕತ್ತರಿಸುವ ಕಿಣ್ವಗಳಿಗೆ ಕಡಿವಾಣ ಹಾಕುವ ಪ್ರೋಟೀನುಗಳನ್ನು ಅದು ಅಡಗಿಸುತ್ತದೆ. ಕಡಿವಾಣ ಸಡಿಲಿದೊಡನೆ ರೋಗಕೋಶಗಳು ನೆರೆಯ ಮಿದುಳಿನೊಳಕ್ಕೆ ನುಸುಳುತ್ತವೆ. ಆದುದರಿಂದಲೇ ಶಸ್ತ್ರವೈದ್ಯನ ಕಣ್ಣಿಗೆ ಗಡ್ಡೆಯ ಮೇರೆ ಸಿಗದು, ತೆಗೆದಷ್ಟೂ ಉಳಿದಿರುತ್ತದೆ.

ಪ್ರಯೋಗಶಾಲೆಯಲ್ಲಿ ಮಿರ್-21ನ್ನು ತಡೆದಾಗ ರೋಗಕೋಶಗಳು ಸತ್ತುದುಂಟು. ಆದರೆ ರಕ್ತಕ್ಕೂ ಮಿದುಳಿಗೂ ನಡುವಣ ತಡೆಯನ್ನು ದಾಟಿಸಿ ಅಂತಹ ಔಷಧವನ್ನು ಒಯ್ಯುವುದು ಕಷ್ಟ. ಒಂದೊಂದು ಮೈಕ್ರೋ ಆರ್‌ಎನ್‌ಎಗೂ ಅನೇಕ ನಕಲುಗಳ ಮೇಲೆ ಅಧಿಕಾರವಿರುವುದರಿಂದ ಬೇರೆಡೆ ಹಾನಿಯಾದೀತೆಂಬ ಭಯವೂ ಉಂಟು. ಇದಿನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ.

ಗೆಳೆಯನ ಪತ್ನಿ ನನ್ನನ್ನು ಹಿಂದೊಮ್ಮೆ ಕೇಳಿದ್ದರು: “ಪಂಡಿತರೇ, ಇವರು ಯಾವ ತಪ್ಪು ಮಾಡಿದ್ದರು?” ಅಂದು ಉತ್ತರ ತೋಚಿರಲಿಲ್ಲ. ಈ ಗಡ್ಡೆ ಬಹುಮಂದಿಗೆ ಯಾವುದೇ ಗೊತ್ತಾದ ಕಾರಣವಿಲ್ಲದೆ ಬರುತ್ತದೆ, ಆಹಾರದ ದೋಷವಲ್ಲ, ನಡತೆಯ ದೋಷವಲ್ಲ ಎಂದು ಶಿಷ್ಯನು ಹೇಳಿದುದನ್ನು ಆ ತಾಯಿಗೆ ಮುಟ್ಟಿಸಿದೆನು. ಬಹಳ ಹೊತ್ತು ಅತ್ತರು, ಬಳಿಕ ಸಮಾಧಾನಗೊಂಡರು.

ನನ್ನ ದೋಷವಾದರೋ ಉಳಿದಿದೆ. ಮೂರು ವಾರ ಮೊದಲೇ ತಿಳಿದಿದ್ದರೂ ಫಲ ಬೇರೆಯಾಗುತ್ತಿರಲಿಲ್ಲವೇನೋ ಎಂದು ಶಿಷ್ಯನು ಸಂತೈಸಿದನು. ಆದರೂ ಅಕ್ಷರವನ್ನೇ ನಂಬಿ ಬದುಕಿದವನು ಗೆಳೆಯನ ಬಾಯಲ್ಲಿ ಅಕ್ಷರ ಜಾರಿದಾಗ ನಕ್ಕುದು ನಕ್ಕುದೇ. ಅಧ್ಯಾಪಕ ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಬಲ್ಲವರ ಮಾತು ಇದ್ದಕ್ಕಿದ್ದಂತೆ ತಪ್ಪತೊಡಗಿದರೆ ನಗಬೇಡಿರಿ, ತಿದ್ದಲೂ ಹೋಗಬೇಡಿರಿ, ಕೈಹಿಡಿದು ವೈದ್ಯರಲ್ಲಿಗೆ ಕರೆದೊಯ್ಯಿರಿ.