ಡೆತ್ ವ್ಯಾಲಿಗೆ ಹೊರಟ ಗಾಲಿಮನೆ

ಅರಬೈಲು ಘಟ್ಟದಲ್ಲಿ ಲಾರಿಗಳು ಬಾನೆಟ್ ತೆರೆದು, ಹಬೆಯುಗುಳುತ್ತ ನಿಂತಿರುವುದನ್ನು ನಮ್ಮ ಕಡೆಯ ಓದುಗರು ಕಂಡಿರಬಹುದು. ಒಂದಿಷ್ಟು ಹೊತ್ತು ಆರಗೊಟ್ಟು, ರೇಡಿಯೇಟರಿಗೆ ಒಂದು ಕೊಡ ನೀರು ಸುರಿದರೆ ಗಾಡಿ ಮತ್ತೆ ಹೊರಡುವುದು. ಆದರೆ ನೀರು ಸುರಿದರೂ ತಣಿಯದ ಬಿಸಿಯೊಂದನ್ನು ನಾವು ಕಂಡುದು ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ, ಡೆತ್ ವ್ಯಾಲಿಗೆ ಹೋಗುವ ದಾರಿಯಲ್ಲಿ.

ಅಲ್ಲಿ ನೆಲೆಸಿರುವ ಮಗಳು-ಅಳಿಯಂದಿರ ಬಳಿ 1991ರ ಒಂದು ಪುಟ್ಟ ಮೋಟರ್‌ಹೋಮ್ ಇದೆ. ಚಿಕ್ಕ ಪಿಕಪ್ ಗಾಡಿಯ ಚಾಸಿಯ ಮೇಲೆ ಮಂಚ, ಒಲೆ, ಬಚ್ಚಲುಗಳನ್ನು ಕೂರಿಸಿದ ಗಾಲಿಮನೆ. ಮುಂಜಾನೆ ಮಿಂದು ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳಲು ಅದರಲ್ಲಿ ಸ್ಥಳವಿದೆ. ಹೋಟೆಲಿಗಿಂತ ಅದೇ ನಮಗೆ ಮೇಲೆನಿಸಿತು. 2022ರ ನವೆಂಬರಿನಲ್ಲಿ ನಾವು ಐವರು ಹೊರಟೆವು. "ಸಾವಿನ ಕಣಿವಿ ಅಂತ ಹೆಸರಿಟ್ಟ ಜಾಗಕ್ಕ ಮೊಮ್ಮಗಳನ್ನ ಕರಕೊಂಡು ಹೋಗೂದೇನ್ರಿ?" ಎಂದು ನಮ್ಮ ಮನೆಯವರು ಮೊದಲೇ ಗೊಣಗಿದ್ದರು. 1849ರಲ್ಲಿ ಚಿನ್ನವನ್ನರಸಿ ಹೊರಟು ಅಲ್ಲಿ ದಿಕ್ಕುತಪ್ಪಿದವರಿಂದ ಬಂದ ಹೆಸರದು ಎಂದು ಅಳಿಯಂದಿರು ವಿವರಿಸಿದರು. ಆ ವಿವರಣೆಯಿಂದ ಅವರ ಅಂಜಿಕೆ ಹೆಚ್ಚಿತೇ ಹೊರತು ಇಳಿಯಲಿಲ್ಲ.

190ನೆಯ ಹೆದ್ದಾರಿಯು ಪ್ಯಾನಮಿಂಟ್ ಕಣಿವೆಗೆ ಇಳಿದು, ಅಲ್ಲಿಂದ 4,956 ಅಡಿ ಎತ್ತರದ ಟೌನ್ ಪಾಸ್ ಎಂಬ ಘಟ್ಟವನ್ನು ಏರುತ್ತದೆ. ಅರ್ಧ ಏರಿರಲಿಲ್ಲ, ಎಂಜಿನ್ ಭೋರ್ಗರೆಯುತ್ತಿದ್ದರೂ ಗಾಡಿ ಮುಂದೆ ಸಾಗದಾಯಿತು. ಸುಟ್ಟ ವಾಸನೆ ಬಂದಿತು. ಅಳಿಯಂದಿರು ಅಂಚಿಗೆ ನಿಲ್ಲಿಸಿ, ಗೇರುಪೆಟ್ಟಿಗೆಯ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರು. ಕೆಂಪಗಿರಬೇಕಾದ ಎಣ್ಣೆ ಕಂದು ಬಣ್ಣಕ್ಕೆ ತಿರುಗಿತ್ತು. ಮೊಬೈಲ್ ಫೋನು ತಾಗದ ಬೋಳು ಬೆಟ್ಟ, ನಿದ್ರೆಯಲ್ಲಿದ್ದ ಮಗು. ಎರಡು ಗಂಟೆ ಕಾದು, ಮೆಲ್ಲನೆ ಹಿಂದಕ್ಕಿಳಿದು ಪ್ಯಾನಮಿಂಟ್ ಸ್ಪ್ರಿಂಗ್ಸ್‌ನಲ್ಲಿ ರಾತ್ರಿ ಕಳೆದೆವು. ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ಸ್ವಯಂಚಾಲಿತ ಗೇರಿನ ಗಾಡಿಗಳಲ್ಲಿ ಕ್ಲಚ್ಚಿನ ಕೆಲಸವನ್ನು ಟಾರ್ಕ್ ಕನ್ವರ್ಟರೊಳಗಿನ ಎಣ್ಣೆಯೇ ಮಾಡುತ್ತದೆ. ಭಾರ ಹೊತ್ತು ನಿಧಾನವಾಗಿ ಏರುವಾಗ ಆ ಎಣ್ಣೆ ಕಡೆದಂತಾಗಿ ವಿಪರೀತ ಕಾಯುತ್ತದೆ. ಅದನ್ನು ತಣಿಸಲು ರೇಡಿಯೇಟರೊಳಗೇ ಒಂದು ಕೊಳವೆ ಇರುವುದುಂಟು. ಆದರೆ ಏರಿನಲ್ಲಿ ರೇಡಿಯೇಟರಿನ ನೀರೇ ಕುದಿಯುವ ಹಂತಕ್ಕೆ ಸಮೀಪಿಸಿದಾಗ ಅದು ಎಣ್ಣೆಯನ್ನು ಎಷ್ಟು ತಣಿಸೀತು?

ಅಳಿಯಂದಿರು ಕೆಟ್ಟ ಎಣ್ಣೆ ತೆಗೆಸಿ ಹೊಸದು ಹಾಕಿಸಿದರು. ರೇಡಿಯೇಟರಿನ ಮುಂದೆ ಗಾಳಿ ತಾಗುವಂತೆ ಅಂಗೈಯಗಲದ ಅಲ್ಯೂಮಿನಿಯಂ ಕೂಲರೊಂದನ್ನು ಮನೆಯಂಗಳದಲ್ಲಿ ತಾವೇ ಕೂರಿಸಿದರು. ರೇಡಿಯೇಟರಿನಿಂದ ಹೊರಬಿದ್ದ ಎಣ್ಣೆ ಇದರಲ್ಲಿ ಹಾದು ಗೇರುಪೆಟ್ಟಿಗೆಗೆ ಮರಳುವ ಏರ್ಪಾಡು. ಟಾರ್ಚು ಹಿಡಿಯುವ ಕಾಯಕ ನನ್ನದಾಗಿತ್ತು. ಮೊದಲು ತಂದ ನಳಿಕೆ ಪೆಟ್ರೋಲಿನದು. ಬಿಸಿ ಎಣ್ಣೆಗೆ ಅದು ಬೇಗನೆ ಬಿರಿಯುವುದೆಂದು ತಿಳಿದು, ಬಿಗಿದಿದ್ದನ್ನೆಲ್ಲ ಬಿಚ್ಚಿ ಬೇರೆ ತರಬೇಕಾಯಿತು. ಎಣ್ಣೆಯ ಬಿಸಿ ತೋರಿಸುವ ಮುಳ್ಳಿನ ಮಾಪಕವನ್ನೂ ಚಾಲಕನೆದುರು ಜೋಡಿಸಿದರು. ನನ್ನ ಮಟ್ಟಿಗೆ ಕೂಲರಿಗಿಂತ ಈ ಮುಳ್ಳೇ ದೊಡ್ಡದು. ಭಯಕ್ಕೊಂದು ಅಳತೆ ಸಿಕ್ಕಂತಾಯಿತು.

2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆಗೆ ಡೆತ್ ವ್ಯಾಲಿಯ ರಸ್ತೆಗಳು ಕೊಚ್ಚಿಹೋದುದರಿಂದ, ನಾವು ಪುನಃ ಹೊರಟದ್ದು 2024ರ ಮಾರ್ಚ್‌ನಲ್ಲಿ. ಓವರ್‌ಡ್ರೈವ್ ತೆಗೆದು, ಕೆಳಗಿನ ಗೇರಿನಲ್ಲಿ ಅವಸರವಿಲ್ಲದೆ ಏರಿದೆವು. ಮುಳ್ಳು 200 ಡಿಗ್ರಿ ಫ್ಯಾರನ್‌ಹೀಟಿನ ಹತ್ತಿರ ಬಂದು ಅಲ್ಲಿಯೇ ನಿಂತಿತು.

ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿರುವ ಬ್ಯಾಡ್‌ವಾಟರ್ ಸಾಮಾನ್ಯವಾಗಿ ಬಿಳಿಯ ಉಪ್ಪಿನ ಬಯಲು. ಆ ಸಲ ಮಳೆಯ ನೀರು ನಿಂತು ಸರೋವರವೇ ಆಗಿದ್ದಿತು! ಮರುದಿನ ಬೆಳಗಿನ ಪೂಜೆ ಮುಗಿಸಿ ಅಲ್ಲಿಗೆ ಹೋದಾಗ, ಎದುರಿನ ಹಿಮ ಹೊತ್ತ ಬೆಟ್ಟ ತಲೆಕೆಳಗಾಗಿ ನೀರಿನಲ್ಲಿ ಮಲಗಿತ್ತು. ಮೊಮ್ಮಗಳು ಪಾದ ಮುಳುಗುವಷ್ಟು ನೀರಿನಲ್ಲಿ ನಡೆದಳು. ಅಜ್ಜಿಯೂ ಸೀರೆಯ ನಿರಿಗೆ ಎತ್ತಿಕಟ್ಟಿ ಹಿಂದೆಯೇ ಇಳಿದರು.

ನಿಜವಾದ ಪರೀಕ್ಷೆ ಮರಳುವಾಗ. ಸ್ಟೋವ್‌ಪೈಪ್ ವೆಲ್ಸ್ ಸಮುದ್ರಮಟ್ಟದಲ್ಲಿದೆ. ಅಲ್ಲಿಂದ ಸುಮಾರು 17 ಮೈಲಿಯಲ್ಲಿ ಅದೇ ಘಟ್ಟದ ನೆತ್ತಿ. ಮುಳ್ಳು 210 ಮುಟ್ಟಿತು. ಮೇಲೆ ನಿಲ್ಲಿಸಿ, ಎಂಜಿನ್ ಆರಿಸದೆ ಅಳಿಯಂದಿರು ಕಡ್ಡಿ ಎಳೆದರು. ನಮ್ಮ ಮನೆಯವರು ಕಾಗದವೊಂದನ್ನು ಮುಂದೊಡ್ಡಿ ಅದನ್ನು ಒರೆಸಿಕೊಂಡು, ಬಿಸಿಲಿಗೆ ಹಿಡಿದು ನೋಡಿದರು.

"ಕೆಂಪಗೈತಿ, ನಡೀರಿ" ಎಂದರು.